ಕಾಲಲ್ಲಿ ಚೆಂಡು, ಕೈಯಲ್ಲಿ ಏನು?

2024ರ ಸೆಪ್ಟೆಂಬರ್ 14. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡಕ್ಕೆ ಆ ಋತುವಿನ ಮೊದಲ ಪಂದ್ಯ, ಎದುರಾಳಿ ಕೋಲ್ಕತದ ಹೆಸರಾಂತ ಈಸ್ಟ್ ಬೆಂಗಾಲ್. ಇಪ್ಪತ್ತೈದನೆಯ ನಿಮಿಷದಲ್ಲಿ ಬೆಂಗಳೂರಿನವನೇ ಆದ ವಿನೀತ್ ವೆಂಕಟೇಶ್ ಎಂಬ ಹುಡುಗ ಚೆಂಡನ್ನು ಗುರಿ ಸೇರಿಸಿದ. ಪಂದ್ಯ ಮುಗಿದಾಗ ಫಲಿತಾಂಶ 1-0. ಹುಡುಗನ ವಯಸ್ಸು 19. ಆ ವಯಸ್ಸಿನ ನಮ್ಮ ಕಡೆಯ ಹುಡುಗರು ಡಿಗ್ರಿ ಕಾಲೇಜಿನ ಮೊದಲ ವರ್ಷವನ್ನೋ ಎರಡನೆಯ ವರ್ಷವನ್ನೋ ಓದುತ್ತಿರುತ್ತಾರೆ, ಇಲ್ಲವೆ ಅಪ್ಪನ ಜೊತೆ ಮಗ್ಗದ ಗುಂಡಿಗೆ ಇಳಿದಿರುತ್ತಾರೆ.

ಒಂದು ವರ್ಷ ಮುಂದೆ ಬನ್ನಿ. 2025ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಆಟಗಾರರು ಕೆಟ್ಟದಾಗಿ ಆಡಿದ್ದಕ್ಕಲ್ಲ. ಲೀಗ್ ನಡೆಸುವ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ನಡುವಿನ ಒಪ್ಪಂದದ ಅವಧಿ ಮುಗಿಯುತ್ತ ಬಂದಿತ್ತು, ಹೊಸ ಒಪ್ಪಂದ ಆಗಿರಲಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಶುರುವಾಗುತ್ತಿದ್ದ ಲೀಗ್ ಆ ವರ್ಷ ಶುರುವಾಗಲೇ ಇಲ್ಲ. ಇಳಕಲ್ಲಿನ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲೀಕರು ನೂಲು ಕೊಟ್ಟರೆ ಮಗ್ಗ ನಡೆಯುತ್ತದೆ, ಮಜೂರಿ ಬರುತ್ತದೆ. ನೂಲು ಬರದಿದ್ದರೆ ಕೈಯಲ್ಲಿ ಎಷ್ಟೇ ಕಸುಬಿದ್ದರೂ ಮಗ್ಗ ನಿಲ್ಲುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ತರಗತಿಗಳಲ್ಲೂ ಚೆಂಡಿನ ಹುಚ್ಚು ಹೆಚ್ಚಿದೆ. ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಮೊದಲು ಸಿನಿಮಾ ನಟರ ಹೆಸರಿರುತ್ತಿತ್ತು, ಈಗ ಬೆಲ್ಲಿಂಗ್‌ಹ್ಯಾಮ್, ಎಂಬಾಪೆ ಎಂದು ಬರೆದಿರುತ್ತಾರೆ. ಪಾಲಕರ ಸಭೆಯಲ್ಲಿ ತಂದೆಯೊಬ್ಬರು ಎದ್ದು, "ಸರ್, ನಮ್ಮ ಹುಡುಗ ಫುಟ್‌ಬಾಲ್ ಆಡಿ ದುಡೀತೇನಿ ಅಂತಾನ. ಅದರಾಗ ಖರೇನೇ ಹೊಟ್ಟಿ ತುಂಬತದೇನ್ರಿ?" ಎಂದು ಕೇಳಿದರೆ ನಕ್ಕು ಸುಮ್ಮನಾಗುವುದು ಸರಿಯಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಲು ಲಂಡನ್ನಿಗೆ ಹೋಗುವ ಮೊದಲು ನಮ್ಮ ಬೆಂಗಳೂರಿನ ಕತೆಯನ್ನೇ ನೋಡಬೇಕು.

ನೌಕರಿಯ ನೆರಳಿನಲ್ಲಿ ಆಟ

ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನವರು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? 1948ರ ಲಂಡನ್ ಒಲಿಂಪಿಕ್ಸ್. ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಬಹುಪಾಲು ಮಂದಿ ಆಡಿದ್ದು ಬರಿಗಾಲಲ್ಲಿ. ಸಾರಂಗಪಾಣಿ ರಾಮನ್ 70ನೆಯ ನಿಮಿಷದಲ್ಲಿ ಗೋಲು ಹೊಡೆದು 1-1 ಮಾಡಿದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ ಕೊನೆಗೆ 1-2ರಿಂದ ಸೋತಿತು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಈಸ್ಟ್ ಬೆಂಗಾಲ್ ಅಭಿಮಾನಿಗಳು ಪ್ರೀತಿಯಿಂದ "ಪಂಚಪಾಂಡವರು" ಎಂದು ಕರೆಯುತ್ತಿದ್ದ ಐವರು ಮುನ್ನಡೆ ಆಟಗಾರರಲ್ಲಿ ಅವರೂ ಒಬ್ಬರು. ಹಲಸೂರು ಬಳಿಯ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ ಎಂದರೆ ಅಲ್ಲಿಯ ಗಲ್ಲಿಗಳಲ್ಲಿ ಈ ಆಟ ಎಷ್ಟು ಬೇರುಬಿಟ್ಟಿತ್ತೆಂದು ತಿಳಿಯಬಹುದು.

ಆ ಕಾಲದ ಆಟಗಾರರು ಹೊಟ್ಟೆಗೆ ಏನು ಮಾಡುತ್ತಿದ್ದರು? ನೌಕರಿ. ಎಚ್‌ಎಎಲ್, ಐಟಿಐಗಳಂತಹ ಕಾರ್ಖಾನೆಗಳು, ಸೇನೆಯ ಎಂಇಜಿ, ಎಎಸ್‌ಸಿ ತಂಡಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಬೆಳಿಗ್ಗೆ ಮೈದಾನ, ಆಮೇಲೆ ಹಾಜರಿ ಪುಸ್ತಕಕ್ಕೆ ಸಹಿ. ಮೊಣಕಾಲು ಮುರಿದರೂ ಕುರ್ಚಿ ಉಳಿಯುತ್ತಿತ್ತು, ನಿವೃತ್ತಿಯಾದರೆ ಪಿಂಚಣಿಯೋ ಭವಿಷ್ಯನಿಧಿಯೋ ಕೈಗೆ ಬರುತ್ತಿತ್ತು. ಸಂಬಳ ದೊಡ್ಡದಲ್ಲ, ಆದರೆ ಮನೆಯವರಿಗೆ ರಾತ್ರಿ ನಿದ್ದೆ ಬರುತ್ತಿತ್ತು. ಮೈಸೂರು ರಾಜ್ಯದ ತಂಡ 1946ರಿಂದ 1969ರ ನಡುವೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಆಟಗಾರರನ್ನು ಕಟ್ಟಿಕೊಂಡೇ. ಆಮೇಲೆ ಆ ಟ್ರೋಫಿ ಮತ್ತೆ ನಮ್ಮ ಕೈಗೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಆ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಇನ್ನಷ್ಟು ದೊಡ್ಡದಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಚಾಪ್ಮನ್ ನಡೆದ ದಾರಿ

ನೌಕರಿಯ ಆಟ ಹೋಗಿ ಕರಾರಿನ ಆಟ ಬಂದ ಕಾಲವನ್ನು ಒಬ್ಬರ ಬದುಕಿನಲ್ಲೇ ನೋಡಬೇಕೆಂದರೆ ಕಾರ್ಲ್‌ಟನ್ ಚಾಪ್ಮನ್ ಅವರನ್ನು ನೋಡಬೇಕು. ಹೆಸರು ಇಂಗ್ಲಿಷಿನದು, ಹುಡುಗ ಬೆಂಗಳೂರಿನವನು. ಹುಟ್ಟಿದ್ದು 1971ರ ಏಪ್ರಿಲ್ 13. ಎಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪಳಗಿದರು. ಆಗ ಜೆಮ್‌ಷೆಡ್‌ಪುರದಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಎಂಬ ಹೊಸ ಪ್ರಯೋಗ ನಡೆದಿತ್ತು. 1987ರಲ್ಲಿ ಆರಂಭವಾದ ಆ ಶಾಲೆ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು ವರ್ಷಗಟ್ಟಲೆ ತರಬೇತಿ ನೀಡುತ್ತಿತ್ತು. 1990ರಲ್ಲಿ ಚಾಪ್ಮನ್ ಅಲ್ಲಿಗೆ ಸೇರಿದರು.

1993ರಲ್ಲಿ ಈಸ್ಟ್ ಬೆಂಗಾಲ್ ಕರೆಯಿತು. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಬಗ್ಗುಬಡಿಯಿತು. ಅದರಲ್ಲಿ ಮೂರು ಗೋಲು ಚಾಪ್ಮನ್‌ರವು. ಇಪ್ಪತ್ತೆರಡರ ಹುಡುಗ ಒಂದೇ ಪಂದ್ಯದಲ್ಲಿ ಹೆಸರು ಮಾಡಿದ. 1995ರಲ್ಲಿ ಪಂಜಾಬಿನ ಫಗ್ವಾಡದ ಜೆಸಿಟಿ ಗಿರಣಿಯ ತಂಡ ಸೇರಿದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ, ಚಾಪ್ಮನ್ ಮೂವರೂ ಒಂದೇ ತಂಡದಲ್ಲಿ! 1996-97ರಲ್ಲಿ ನಡೆದ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಆ ತಂಡ ಗೆದ್ದುಕೊಂಡಿತು. 1997ರಲ್ಲಿ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್‌ಗೆ ಹೋದರು. ಅದು ದೊಡ್ಡ ಹಣದ ಮಾತಾಡಿದ, ಪೂರ್ತಿ ವೃತ್ತಿಪರ ಎಂದು ಹೇಳಿಕೊಂಡ ತಂಡ. ಮರುವರ್ಷವೇ ಅಲ್ಲಿಂದ ಹೊರಟು ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ನಾಯಕರಾಗಿ ಆ ತಂಡಕ್ಕೆ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟು ಆಟಕ್ಕೆ ವಿದಾಯ ಹೇಳಿದರು. ಭಾರತ ತಂಡದ ನಾಯಕತ್ವವನ್ನೂ ವಹಿಸಿದ್ದರು.

ಲೆಕ್ಕ ಹಾಕಿ. 1993ರಿಂದ 2001. ದೊಡ್ಡ ಕ್ಲಬ್‌ಗಳಲ್ಲಿ ಆಡಿದ್ದು ಎಂಟು ವರ್ಷ. ನಿಂತಾಗ ವಯಸ್ಸು ಮೂವತ್ತು. ಇದು ಸೋತ ಆಟಗಾರನ ಲೆಕ್ಕವಲ್ಲ, ದೇಶದ ನಾಯಕನಾದವನ ಲೆಕ್ಕ. ನಮ್ಮ ಶಾಲೆಗಳಲ್ಲಿ ಆ ವಯಸ್ಸಿಗೆ ಮಾಸ್ತರಿಕೆ ಈಗಷ್ಟೇ ಶುರುವಾಗಿರುತ್ತದೆ. ಅವರು ಆಡಿದ ಕ್ಲಬ್‌ಗಳ ಗತಿಯನ್ನೂ ನೋಡಿ: ಕೊಚ್ಚಿನ್ ತಂಡ ಹಣವಿಲ್ಲದೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಜೆಸಿಟಿ 2011ರಲ್ಲಿ ತನ್ನ ತಂಡವನ್ನು ನಿಲ್ಲಿಸಿತು. ಬೆಂಗಳೂರಿನ ಎಚ್‌ಎಎಲ್ ತಂಡವೂ 2011-12ರ ಐ-ಲೀಗ್‌ನಲ್ಲಿ ಕೆಳಗೆ ಜಾರಿದ ಮೇಲೆ ಹಿಂದೆ ಸರಿಯಿತು.

ಚಾಪ್ಮನ್ ಸುಮ್ಮನೆ ಕೂರಲಿಲ್ಲ. 2002ರಲ್ಲಿ ತಾವು ಕಲಿತ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಹೋದರು. ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೋ, ಕೋಲ್ಕತದ ಭವಾನಿಪುರ ತಂಡಗಳನ್ನು ತಯಾರು ಮಾಡಿದರು. ಕೋಳಿಕ್ಕೋಡಿನಲ್ಲಿ ಮಕ್ಕಳಿಗೆ ಕಲಿಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಇನ್ನೂ 49. ಆಟ ಬಿಟ್ಟ ಮೇಲೂ ಊರಿಂದ ಊರಿಗೆ ಹೋಗಿ ದುಡಿದ ಆ ಹತ್ತೊಂಬತ್ತು ವರ್ಷಗಳು ಮೂರು ಗೋಲಿನ ಆ ಒಂದು ಪಂದ್ಯಕ್ಕಿಂತ ನನಗೆ ಹೆಚ್ಚು ಪಾಠ ಹೇಳುತ್ತವೆ.

ಇಂಗ್ಲೆಂಡಿನಲ್ಲಿ ಹೇಗೆ?

ಹುಡುಗರು ಟಿ.ವಿ.ಯಲ್ಲಿ ನೋಡುವುದು ಇಂಗ್ಲೆಂಡಿನ ಆಟವನ್ನು. ಆದ್ದರಿಂದ ಅಲ್ಲಿಯ ಒಬ್ಬ ಯುವಕನ ದಾರಿಯನ್ನೂ ನೋಡೋಣ. ಜೂಡ್ ಬೆಲ್ಲಿಂಗ್‌ಹ್ಯಾಮ್ ಹುಟ್ಟಿದ್ದು 2003ರ ಜೂನ್ 29ರಂದು, ಸ್ಟೌರ್‌ಬ್ರಿಜ್ ಎಂಬ ಪಟ್ಟಣದಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿ ಸಾರ್ಜೆಂಟ್, ಸಣ್ಣ ಲೀಗ್‌ಗಳಲ್ಲಿ ಗೋಲಿನ ಮೇಲೆ ಗೋಲು ಹೊಡೆದವರು. ಮಗ ಎಂಟು ತುಂಬುವ ಮೊದಲೇ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬಿನ ಅಕಾಡೆಮಿ ಸೇರಿದ. 2019ರ ಆಗಸ್ಟ್ 6ರಂದು, 16 ವರ್ಷ 38 ದಿನದ ಪ್ರಾಯದಲ್ಲಿ, ಹಿರಿಯರ ತಂಡಕ್ಕೆ ಆಡಿದ. ಆ ಕ್ಲಬ್ಬಿನ ಇತಿಹಾಸದಲ್ಲೇ ಅತಿ ಕಿರಿಯ. ಮರುವರ್ಷ ಜರ್ಮನಿಯ ಡಾರ್ಟ್‌ಮಂಡ್, 2023ರಲ್ಲಿ ಹತ್ತು ಕೋಟಿ ಯೂರೋಗಿಂತ ಹೆಚ್ಚಿನ ಬೆಲೆಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್.

ಕೇಳಲು ಚಂದ. ಆದರೆ ಈ ಹುಡುಗನ ಜೊತೆಗೆ ಅದೇ ಅಕಾಡೆಮಿಯಲ್ಲಿ ಬೂಟು ಕಟ್ಟಿದ ಉಳಿದ ಹುಡುಗರ ಹೆಸರು ನಮಗೆ ಗೊತ್ತಿಲ್ಲ. ಅಲ್ಲಿಯ ಪದ್ಧತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕ್ಲಬ್‌ಗಳು ಒಂಬತ್ತರೊಳಗಿನವರ ತಂಡದಿಂದಲೇ ಮಕ್ಕಳನ್ನು ನೋಂದಾಯಿಸಿಕೊಳ್ಳುತ್ತವೆ. ಆಮೇಲೆ ಆಗಾಗ ಜರಡಿ ಹಿಡಿಯುತ್ತವೆ. ಹದಿನಾರಕ್ಕೆ ಉಳಿದವರಿಗೆ ಎರಡು ವರ್ಷದ ಸ್ಕಾಲರ್‌ಶಿಪ್. ಈ ಎರಡು ವರ್ಷ ಆಟದ ಜೊತೆಗೆ ಓದೂ ಕಡ್ಡಾಯ. ಅದರ ಕೊನೆಗೆ ಮತ್ತೊಂದು ಜರಡಿ. ವೃತ್ತಿಪರ ಕರಾರು ಸಿಗುವುದು ಅದರಲ್ಲಿ ಉಳಿದ ಕೆಲವರಿಗೆ ಮಾತ್ರ. "ಕೈಬಿಟ್ಟರು" ಎಂಬ ಮಾತು ಅಲ್ಲಿ ಅಪರೂಪದ ದುರ್ಘಟನೆಯಲ್ಲ, ವ್ಯವಸ್ಥೆ ನಡೆಯುವುದೇ ಹಾಗೆ. ಬಹುಪಾಲು ಮಕ್ಕಳ ಫುಟ್‌ಬಾಲ್ ಬದುಕು ಆ ಮಾತಿನೊಂದಿಗೇ ಮುಗಿಯುತ್ತದೆ.

ಕೈಬಿಟ್ಟವರೆಲ್ಲ ಹಾಳಾದರೆಂದಲ್ಲ. ಇಂಗ್ಲೆಂಡ್ ತಂಡದ ನಾಯಕ ಹ್ಯಾರಿ ಕೇನ್‌ನನ್ನು ಚಿಕ್ಕವನಿದ್ದಾಗ ಆರ್ಸೆನಲ್ ಕ್ಲಬ್ ಕೈಬಿಟ್ಟಿತ್ತು. ಜೇಮಿ ವಾರ್ಡಿಯನ್ನು ಹದಿನಾರನೆಯ ವಯಸ್ಸಿಗೆ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಬೇಡವೆಂದಿತು. ಆತ ವಾರಕ್ಕೆ ಮೂವತ್ತು ಪೌಂಡಿಗೆ ಊರ ತಂಡದಲ್ಲಿ ಆಡುತ್ತ, ಹಗಲು ಹೊತ್ತು ಕೈಕಾಲು ಊನವಾದವರಿಗೆ ಬೇಕಾಗುವ ಆಧಾರಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿದ. 2016ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಾಗ ಆ ತಂಡದ ಮುನ್ನಡೆಯಲ್ಲಿದ್ದವ ಇದೇ ವಾರ್ಡಿ. ಆದರೆ ಇಂಥ ಕತೆ ಹೇಳುವಾಗ ಜಾಗ್ರತೆ ಬೇಕು. ನೂರಾರು ಮಕ್ಕಳಲ್ಲಿ ಒಬ್ಬನ ಕತೆ ಉಳಿದವರಿಗೆ ಸುಳ್ಳು ಆಸೆ ಹುಟ್ಟಿಸಬಾರದು. ಕೈಬಿಟ್ಟ ಹುಡುಗರ ಮನಸ್ಸಿಗೆ ಆಗುವ ಪೆಟ್ಟು ಎಷ್ಟು ಆಳವೆಂಬುದನ್ನು ಅಲ್ಲಿಯ ಕ್ಲಬ್‌ಗಳೂ ತಡವಾಗಿ ಮನಗಂಡವು. 2022ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ ತಾನು ಬಿಟ್ಟ ಯುವಕರ ಯೋಗಕ್ಷೇಮವನ್ನು ಮೂರು ವರ್ಷ ನೋಡಿಕೊಳ್ಳುವ ಯೋಜನೆ ಆರಂಭಿಸಿತು. ಒಳ್ಳೆಯ ಕೆಲಸ. ನಮ್ಮಲ್ಲಿ ಅದು ಮನೆಯವರ ಪಾಲಿಗೇ ಬೀಳುತ್ತದೆ.

ಜೂನ್ 1ರಂದು ಹುಟ್ಟಿದವರು

ವಿಜ್ಞಾನದ ಮಾಸ್ತರನಾದ ನಾನು ಇಲ್ಲಿ ಸ್ವಲ್ಪ ಪಾಠಕ್ಕೆ ಇಳಿಯುತ್ತೇನೆ, ಓದುಗರು ಸಹಿಸಿಕೊಳ್ಳಬೇಕು. ಹನ್ನೆರಡು ಹದಿಮೂರರ ಹುಡುಗರನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರುತ್ತಿರುತ್ತದೆ, ಪಕ್ಕದವ ಇನ್ನೂ ಮಗುವಿನಂತಿರುತ್ತಾನೆ. ಬೆಳವಣಿಗೆಯ ಉಬ್ಬರ ಬಂದಾಗ ಹುಡುಗ ಒಂದೇ ವರ್ಷದಲ್ಲಿ ಎಂಟು ಹತ್ತು ಸೆಂಟಿಮೀಟರ್ ಎತ್ತರವಾಗಬಹುದು. ಆ ಉಬ್ಬರ ಒಬ್ಬನಿಗೆ ಹನ್ನೆರಡಕ್ಕೆ, ಇನ್ನೊಬ್ಬನಿಗೆ ಹದಿನೈದಕ್ಕೆ. ಆಯ್ಕೆಗಾರ ಬಂದ ದಿನ ದೊಡ್ಡವನಂತೆ ಕಂಡವ ಆಯ್ಕೆಯಾಗುತ್ತಾನೆ. ಅವನ ಆಟ ಚೆನ್ನಾಗಿದೆಯೋ ಮೈ ದೊಡ್ಡದಿದೆಯೋ ಎಂದು ಬೇರ್ಪಡಿಸುವುದು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ವಯೋಮಿತಿಯ ಗೆರೆ ಸೆಪ್ಟೆಂಬರ್ 1. ಅದರ ನಂತರದ ಒಂದೆರಡು ತಿಂಗಳಲ್ಲಿ ಹುಟ್ಟಿದವರು ತಮ್ಮ ಗುಂಪಿನಲ್ಲಿ ಹಿರಿಯರು. ಅಕಾಡೆಮಿಗಳಲ್ಲಿ ಇಂಥವರ ಸಂಖ್ಯೆ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕೇನ್ ಹುಟ್ಟಿದ್ದು ಜುಲೈ 28, ಬೆಲ್ಲಿಂಗ್‌ಹ್ಯಾಮ್ ಜೂನ್ 29. ಇಬ್ಬರೂ ತಮ್ಮ ಗುಂಪಿನ ಕಿರಿಯರ ಸಾಲಿನವರು! ಜರಡಿ ಎಷ್ಟು ಸಲ ತಪ್ಪುತ್ತದೆ ಎಂಬುದಕ್ಕೆ ಕೇನ್ ಒಬ್ಬನೇ ಸಾಕು. ಇದನ್ನು ಅರಿತು ಅಲ್ಲಿ ವಯಸ್ಸಿನ ಬದಲು ದೇಹದ ಬೆಳವಣಿಗೆಯ ಮಟ್ಟ ನೋಡಿ ಗುಂಪು ಮಾಡಿ ಆಡಿಸುವ ಪ್ರಯೋಗಗಳೂ ನಡೆದಿವೆ.

ನಮ್ಮ ಕಡೆ ಸಮಸ್ಯೆ ಬೇರೆ. ಹುನಗುಂದ, ಬಾದಾಮಿ ತಾಲ್ಲೂಕಿನ ಯಾವುದೇ ಹಳೆಯ ಶಾಲೆಯ ದಾಖಲಾತಿ ಪುಸ್ತಕ ತೆರೆಯಿರಿ. ಜೂನ್ 1ರಂದು ಹುಟ್ಟಿದವರು ಎಷ್ಟೊಂದು ಮಂದಿ! ತಾಯಿಗೆ "ಬನಶಂಕರಿ ಜಾತ್ರಿ ಮುಂದ ಹುಟ್ಯಾನ" ಎಂದಷ್ಟೇ ನೆನಪು, ಹೆಸರು ಹಚ್ಚುವ ದಿನ ಮಾಸ್ತರರು ಜೂನ್ 1 ಬರೆದರು. ಕೆಲವರದು ಬೇಕೆಂದೇ ಒಂದೆರಡು ವರ್ಷ ಕಡಿಮೆ. ನೌಕರಿಯಲ್ಲಿ ಇದು ಲಾಭವೆನಿಸಬಹುದು, ಕ್ರೀಡೆಯಲ್ಲಿ ಉರುಳಾಗುತ್ತದೆ. ಮುಂಗೈ ಗಂಟಿನ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿಯ ತಟ್ಟೆ ಇರುತ್ತದೆ. ಬೆಳವಣಿಗೆ ಮುಗಿದಾಗ ಅದು ಗಟ್ಟಿಯಾಗಿ ಮೂಳೆಯೊಂದಿಗೆ ಕೂಡಿಕೊಳ್ಳುತ್ತದೆ. ಅದರ ಚಿತ್ರ ತೆಗೆದರೆ ವಯಸ್ಸಿನ ಅಂದಾಜು ಸಿಗುತ್ತದೆ. 17ರೊಳಗಿನವರ ವಿಶ್ವಕಪ್‌ನಲ್ಲಿ ಫಿಫಾ 2009ರಿಂದ ಎಂಆರ್‌ಐ ಮೂಲಕ ಇದನ್ನು ನೋಡುತ್ತಿದೆ. ನಮ್ಮ ದೇಶದ ಕಿರಿಯರ ಆಯ್ಕೆಯಲ್ಲೂ ಎಕ್ಸ್-ರೇ ಪರೀಕ್ಷೆ ಬಳಕೆಗೆ ಬಂದಿದೆ. ಸುಳ್ಳು ಜನ್ಮದಿನಾಂಕದ ಹುಡುಗ ತಾಲ್ಲೂಕು ಗೆಲ್ಲುತ್ತಾನೆ, ಜಿಲ್ಲೆ ಗೆಲ್ಲುತ್ತಾನೆ, ಅಲ್ಲಿಂದ ಮುಂದೆ ಸಿಕ್ಕಿಬೀಳುತ್ತಾನೆ. ಶಿಕ್ಷೆ ಅನುಭವಿಸುವವ ಹುಡುಗ, ದಿನಾಂಕ ಬರೆಸಿದವರು ದೊಡ್ಡವರು.

ಇನ್ನೊಂದು ಮಾತು. ಈ ಉಬ್ಬರದ ವರ್ಷಗಳಲ್ಲಿ ಓಡುವ ಮಕ್ಕಳಿಗೆ ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟು ಕಟ್ಟಿದಂತಾಗಿ ನೋವು ಬರುವುದುಂಟು. ಎಣ್ಣೆ ತಿಕ್ಕಿ ಮತ್ತೆ ಓಡಿಸಬೇಡಿ. ವೈದ್ಯರಿಗೆ ತೋರಿಸಿ, ವಿಶ್ರಾಂತಿ ಕೊಡಿ. ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ಅದು ತಾನಾಗಿ ಕಡಿಮೆಯಾಗುತ್ತದೆ.

ಪರದೇಶದ ಆಸೆ ತೋರಿಸುವವರು

"ನಿಮ್ಮ ಮಗನನ್ನು ಇಂಗ್ಲೆಂಡಿನ ಕ್ಲಬ್ಬಿಗೆ ಸೇರಿಸುತ್ತೇವೆ, ಟ್ರಯಲ್ಸ್‌ಗೆ ಇಷ್ಟು ಲಕ್ಷ" ಎಂದು ಯಾರಾದರೂ ಬಂದರೆ ಪಾಲಕರು ಒಂದು ನಿಯಮ ನೆನಪಿಡಬೇಕು. ಫಿಫಾ ಕಾನೂನಿನ ಪ್ರಕಾರ 18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಕೆಲವು ವಿನಾಯಿತಿಗಳಿವೆ. ತಂದೆತಾಯಿ ಆಟಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಬೇರೆ ಮಾತು. ಯುರೋಪಿಯನ್ ಒಕ್ಕೂಟದ ಒಳಗೆ 16ರಿಂದ 18ರವರಿಗೆ ಒಂದು ಬಾಗಿಲಿದೆ. ಹದಿನೇಳರ ಬೆಲ್ಲಿಂಗ್‌ಹ್ಯಾಮ್ 2020ರಲ್ಲಿ ಜರ್ಮನಿಗೆ ಹೋಗಲು ಸಾಧ್ಯವಾದದ್ದು ಅದರಿಂದಲೇ. ಬ್ರಿಟನ್ ಒಕ್ಕೂಟದಿಂದ ಪೂರ್ತಿ ಹೊರಬಂದ ಮೇಲೆ ಅಲ್ಲಿಯ ಮಕ್ಕಳಿಗೇ ಆ ಬಾಗಿಲು ಮುಚ್ಚಿದೆ. ಇನ್ನು ನಮ್ಮ ಹುಡುಗರ ಮಾತೇನು? 18 ತುಂಬಿದ ಮೇಲೂ ಇಂಗ್ಲೆಂಡಿನಲ್ಲಿ ಆಡಲು ಅಂಕಗಳ ಲೆಕ್ಕದ ಕೆಲಸದ ಪರವಾನಗಿ ಬೇಕು. ಆ ಅಂಕಗಳು ಆಟಗಾರನ ದೇಶದ ತಂಡ, ಅವನು ಆಡಿದ ಲೀಗ್‌ಗಳ ಮಟ್ಟವನ್ನು ಅವಲಂಬಿಸಿರುತ್ತವೆ. ಹೊಲ ಒತ್ತೆ ಇಟ್ಟು ಕಟ್ಟಿದ ಹಣ ಈ ನಿಯಮಗಳನ್ನು ಬದಲಿಸಲಾರದು.

ಹಾಗಾದರೆ ನಮ್ಮ ಹುಡುಗನಿಗೆ ದಾರಿಯೇ ಇಲ್ಲವೆ? ಇದೆ, ಹತ್ತಿರದಲ್ಲೇ ಇದೆ. ಇಳಕಲ್ಲಿನಿಂದ ಕುಷ್ಟಗಿ, ಹೊಸಪೇಟೆ ದಾಟಿ ಹೋದರೆ ತೋರಣಗಲ್ಲು. ಆ ಉಕ್ಕಿನ ಕಾರ್ಖಾನೆಯ ಪರಿಸರದಲ್ಲೇ ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ನಡೆಸುತ್ತ ಬಂದಿದೆ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ, 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್‌ವರೆಗೆ ಹೋದ ಕ್ಲಬ್ ಅದು. 2025ರಲ್ಲಿ ಹಿರಿಯರ ಸಂಬಳ ತಡೆದಾಗಲೂ ಕಿರಿಯರ ತಂಡಗಳ ಕೆಲಸ ನಿಲ್ಲುವುದಿಲ್ಲವೆಂದು ಅದು ತಿಳಿಸಿತ್ತು. 2022ರಲ್ಲಿ ಕಿರಿಯರ ರಾಷ್ಟ್ರೀಯ ಲೀಗ್ ಗೆದ್ದ ಅದರ ಹುಡುಗರು ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಅಕಾಡೆಮಿ ತಂಡಗಳ ಎದುರು ಆಡಿ ಬಂದರು. ಇಂಗ್ಲೆಂಡ್ ನೋಡುವ ನೇರ ದಾರಿ ಇದು, ಏಜೆಂಟರದಲ್ಲ.

ಬಾಗಲಕೋಟೆ ಜಿಲ್ಲೆಯ ಮಣ್ಣು ಕುಸ್ತಿಯದು, ಕಬಡ್ಡಿಯದು, ಸೈಕಲ್ಲಿನದು. ಹಳಕುರ್ಕಿಯ ಹೆಸರು ಹೊತ್ತ ಅರ್ಜುನ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕಿಲೋ ಗ್ರೀಕೋ-ರೋಮನ್ ಕುಸ್ತಿಯ ಕಂಚು ತಂದಾಗ ನಮಗೆಲ್ಲ ಹೆಮ್ಮೆಯಾಯಿತು. ಫುಟ್‌ಬಾಲಿಗೆ ಇಲ್ಲಿ ಗರಡಿಮನೆಗಳಿಲ್ಲ, ವರ್ಷವಿಡೀ ನಡೆಯುವ ಲೀಗ್ ಇಲ್ಲ. ಆದ್ದರಿಂದ ಒಳ್ಳೆಯ ಹುಡುಗ ಮನೆ ಬಿಟ್ಟೇ ಹೋಗಬೇಕು. ಹಾಗೆ ಕಳಿಸುವ ಮುನ್ನ ಅಕಾಡೆಮಿಯ ಕಚೇರಿಯಲ್ಲಿ ಕೂತು ಕೆಲವು ಮಾತು ಕೇಳಲೇಬೇಕು. ಫೆಡರೇಷನ್ನಿನ ಮಾನ್ಯತೆ ಇದೆಯೆ? ಹುಡುಗ ಯಾವ ಶಾಲೆಗೆ ಹೋಗುತ್ತಾನೆ, ವಾರಕ್ಕೆ ಎಷ್ಟು ದಿನ? ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊತ್ತಿಗೆ ಟೂರ್ನಿ ಬಂದರೆ ಏನು ಮಾಡುತ್ತೀರಿ? ಮೊಣಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರದು? ಕೊನೆಯದಾಗಿ, ನೀವು ಇವನನ್ನು ಬೇಡವೆಂದ ದಿನ ಇವನ ಕೈಯಲ್ಲಿ ಯಾವ ಸರ್ಟಿಫಿಕೇಟ್ ಇರುತ್ತದೆ? ಈ ಕೊನೆಯ ಪ್ರಶ್ನೆಗೆ ತಡವರಿಸುವ ಅಕಾಡೆಮಿಯಲ್ಲಿ ಹುಡುಗನನ್ನು ಬಿಡಬೇಡಿ, ಅದರ ಹುಲ್ಲು ಎಷ್ಟೇ ಹಸಿರಾಗಿರಲಿ.

ಶಾಲೆ ತಪ್ಪಿದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆ ಇದೆ, ವಿಷಯಗಳನ್ನು ಒಂದೊಂದಾಗಿ ಬರೆದು ಮುಗಿಸಬಹುದು. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಈಗಲೂ ನೇಮಕಾತಿ ಉಂಟು, ಅದಕ್ಕೂ ಹತ್ತನೆಯ ತರಗತಿಯ ಅಂಕಪಟ್ಟಿ ಕೇಳುತ್ತಾರೆ. ಹೆಣ್ಣುಮಕ್ಕಳ ಪಾಲಕರಿಗೂ ಇಷ್ಟೇ ಮಾತು. ಅವರ ಲೀಗ್‌ನಲ್ಲಿ ಹಣ ಇನ್ನೂ ಕಡಿಮೆ, ಆದ್ದರಿಂದ ಅಂಕಪಟ್ಟಿಯ ತೂಕ ಇನ್ನೂ ಹೆಚ್ಚು.

ಮೊನ್ನೆ ಎಂಟನೆಯ ತರಗತಿಯಲ್ಲಿ ಬಲ ಮತ್ತು ಒತ್ತಡದ ಪಾಠ ಮಾಡುವಾಗ ಚೆಂಡು ಗಾಳಿಯಲ್ಲಿ ಬಾಗಿ ಹೋಗುವುದು ಹೇಗೆಂದು ಒಬ್ಬ ಕೇಳಿದ. ಪಾಠಕ್ಕೆ ಮೀಸಲಾಗಿದ್ದ ಅವಧಿ ಅಲ್ಲಿಗೇ ಮುಗಿಯಿತು. ತಿರುಗುವ ಚೆಂಡಿನ ಒಂದು ಬದಿಯಲ್ಲಿ ಗಾಳಿ ವೇಗವಾಗಿ, ಇನ್ನೊಂದು ಬದಿಯಲ್ಲಿ ನಿಧಾನವಾಗಿ ಹರಿಯುವುದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಎಂದೂ ಟಿಪ್ಪಣಿ ಬರೆಯದ ಹಿಂದಿನ ಬೆಂಚಿನ ಮೂವರು ಅದನ್ನು ಪೂರ್ತಿ ಬರೆದುಕೊಂಡರು.